ಡಬ್ಬಿಯ ಮೇಲಿನ ಅಂಕಿ: ಕೀಲೆಣ್ಣೆಯಿಂದ ಎಂಜಿನ್ ಎಣ್ಣೆಯವರೆಗೆ

ತುಮಕೂರು ರಸ್ತೆಯ ಪೀಣ್ಯದಲ್ಲಾಗಲಿ, ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನಲ್ಲಾಗಲಿ, ಅತ್ತ ವೈಟ್‌ಫೀಲ್ಡ್‌ನಲ್ಲಾಗಲಿ ಮೋಟಾರು ಬಿಡಿಭಾಗಗಳ ಅಂಗಡಿಯ ಮುಂದೆ ನಿಂತು ನೋಡಿ. ಎಂಜಿನ್ ಆಯಿಲ್ ಡಬ್ಬಿಗಳು ಸಾಲಾಗಿ ಕುಳಿತಿರುತ್ತವೆ. ಒಂದರ ಮೇಲೆ 20ಡಬ್ಲ್ಯು-40, ಇನ್ನೊಂದರ ಮೇಲೆ 15ಡಬ್ಲ್ಯು-40, ಮತ್ತೊಂದರ ಮೇಲೆ 5ಡಬ್ಲ್ಯು-30 ಅಥವಾ 0ಡಬ್ಲ್ಯು-20 ಎಂದು ಬರೆದಿರುತ್ತದೆ. ನಿಮ್ಮ ಕಾರಿಗೆ ಯಾವುದು ಬೇಕು? ಅನೇಕರು ಕೊಡುವ ಉತ್ತರ ಒಂದೇ: ‘ನಮ್ಮದು ಬಿಸಿಲಿನ ದೇಶ, ಎಣ್ಣೆ ದಪ್ಪಗಿದ್ದಷ್ಟೂ ಎಂಜಿನ್ನಿಗೆ ಒಳ್ಳೆಯದು.’

ಈ ಮಾತು ಒಂದು ಕಾಲಕ್ಕೆ ಪೂರ್ತಿ ತಪ್ಪಾಗಿರಲಿಲ್ಲ. ಇಂದು ಅದನ್ನೇ ನಂಬಿ ಹೊಸ ಕಾರಿಗೆ ದಪ್ಪ ಎಣ್ಣೆ ಸುರಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಏಕೆ? ಉತ್ತರ ಭೌತಶಾಸ್ತ್ರದಲ್ಲಿದೆ, ಇತಿಹಾಸದಲ್ಲೂ ಇದೆ. ಡಬ್ಬಿಯ ಮೇಲಿನ ಆ ಅಂಕಿಗಳು ಒಂದೇ ದಿನ ಹುಟ್ಟಿದವಲ್ಲ. ಅವುಗಳ ಹಿಂದೆ ಎತ್ತಿನ ಗಾಡಿಯಿದೆ, ರೈಲು ಗಾಲಿಯಿದೆ, ಯುದ್ಧ ವಿಮಾನವಿದೆ. ನಮ್ಮ ಬೆಂಗಳೂರಿಗೂ ಅದರಲ್ಲಿ ಪಾಲಿದೆ.

ಗಾಡಿಯ ಅಚ್ಚು ಮತ್ತು ಹರಳೆಣ್ಣೆ

ಶಾಲಾ ಪಠ್ಯಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ವಸ್ತುವಿಗೆ ‘ಕೀಲೆಣ್ಣೆ’ ಎಂಬ ಹೆಸರಿದೆ. ಇದು ವಿಜ್ಞಾನಿಗಳು ಟಂಕಿಸಿದ ಪದವಲ್ಲ, ಗಾಡಿ ಹೊಡೆಯುವವರಿಂದ ಬಂದದ್ದು. ಎತ್ತಿನ ಗಾಡಿಯ ಅಚ್ಚು ಗಾಲಿಯ ಗುಂಭದೊಳಗೆ ಉಜ್ಜಿ ಸವೆಯದಂತೆ ಹಚ್ಚುವ ಎಣ್ಣೆಯೇ ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲೆಸಿ, ಬಿದಿರಿನ ಕೊಳವೆಯಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಹಾಕುತ್ತಿದ್ದರು. ಅಚ್ಚು ಕಿರುಗುಟ್ಟಿತೆಂದರೆ ಕಡಾಣಿ ಕಿತ್ತು, ಗಾಲಿ ಸರಿಸಿ, ಎಣ್ಣೆ ಬಳಿಯುತ್ತಿದ್ದರು.

ಇಲ್ಲಿ ‘ದಪ್ಪವೇ ಒಳ್ಳೆಯದು’ ಎಂಬ ಮಾತು ಸರಿ. ಗಾಡಿಯ ಗಾಲಿ ನಿಧಾನವಾಗಿ ಉರುಳುತ್ತದೆ, ಹೊರೆ ಹೆಚ್ಚು, ಅಚ್ಚಿಗೂ ಗುಂಭಕ್ಕೂ ನಡುವಿನ ಸಂದು ದೊಡ್ಡದು. ತೆಳು ಎಣ್ಣೆ ಹಾಕಿದರೆ ಸೋರಿ ಹೋಗುತ್ತದೆ. ದಪ್ಪ ಎಣ್ಣೆ ಅಂಟಿಕೊಂಡು ನಿಲ್ಲುತ್ತದೆ. ಎಣ್ಣೆಯ ಆಯ್ಕೆಯನ್ನು ನಿರ್ಧರಿಸುವ ಮೂರು ಸಂಗತಿಗಳೂ, ಅಂದರೆ ವೇಗ, ಹೊರೆ ಮತ್ತು ಸಂದಿನ ಅಳತೆ, ಗಾಡಿಯಲ್ಲೇ ಸಿಗುತ್ತವೆ ಎಂಬುದನ್ನು ಗಮನಿಸಿ. ಮುಂದೆ ಬರುವ ಯಂತ್ರಗಳಲ್ಲಿ ಬದಲಾಗುವುದು ಈ ಮೂರೇ.

ಹರಳೆಣ್ಣೆಯ ಕಥೆ ಗಾಡಿಗೇ ಮುಗಿಯಲಿಲ್ಲ. ಮೊದಲನೆಯ ಮಹಾಯುದ್ಧದ ಅನೇಕ ವಿಮಾನಗಳಲ್ಲಿ ಎಂಜಿನ್ನಿನ ಸಿಲಿಂಡರುಗಳೇ ತಿರುಗುವ ಬಗೆಯ ಎಂಜಿನ್ನುಗಳಿದ್ದವು. ಅವುಗಳಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಎಣ್ಣೆಯಿರುವ ಕೋಣೆಯ ಮೂಲಕವೇ ಹಾದುಹೋಗಬೇಕಿತ್ತು. ಖನಿಜ ತೈಲ ಪೆಟ್ರೋಲಿನಲ್ಲಿ ಕರಗಿ ತೆಳುವಾಗುತ್ತದೆ. ಹರಳೆಣ್ಣೆಯ ಅಣುವಿನಲ್ಲಿ ಹೈಡ್ರಾಕ್ಸಿಲ್ ಗುಂಪು ಇರುವುದರಿಂದ ಅದು ಪೆಟ್ರೋಲಿನಲ್ಲಿ ಅಷ್ಟಾಗಿ ಬೆರೆಯುವುದಿಲ್ಲ, ಲೋಹಕ್ಕೆ ಚೆನ್ನಾಗಿ ಅಂಟುತ್ತದೆ. ಹೀಗಾಗಿ ಗಾಡಿಯ ಎಣ್ಣೆ ವಿಮಾನಕ್ಕೇರಿತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ತನ್ನ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟದ್ದು ಹರಳಿನ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್’ನಿಂದಲೇ. ಆದರೆ ಹರಳೆಣ್ಣೆಗೆ ಒಂದು ದೋಷವಿದೆ. ಬಿಸಿಯಲ್ಲಿ ಗಾಳಿಯ ಆಕ್ಸಿಜನ್ನಿನೊಡನೆ ಸೇರಿ ಅದು ಅಂಟಂಟಾಗಿ ಗಟ್ಟಿಯಾಗುತ್ತದೆ. ದಿನವೂ ಓಡುವ ಕಾರಿಗೆ ಅದು ಒಗ್ಗಲಿಲ್ಲ. ಆ ಜಾಗವನ್ನು ಖನಿಜ ತೈಲ ಪಡೆಯಿತು.

ಟವರ್ ಕಂಡ ಒತ್ತಡ

ಎಣ್ಣೆ ಘರ್ಷಣೆಯನ್ನು ತಗ್ಗಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೇಗೆ ಎಂಬುದು ಗೊತ್ತಿರಲಿಲ್ಲ. ಅದು ತಿಳಿದದ್ದು 1883ರಲ್ಲಿ. ಅದರ ಹಿಂದಿನ ವರ್ಷವಷ್ಟೇ, 1882ರಲ್ಲಿ, ಮೈಸೂರಿನ ಮಹಾರಾಜರು ನೀಡಿದ ಜಮೀನಿನಲ್ಲಿ ವೈಟ್‌ಫೀಲ್ಡ್ ಎಂಬ ಊರು ಮೊದಲಾಗಿತ್ತು.

ಇಂಗ್ಲೆಂಡಿನ ಎಂಜಿನಿಯರ್ ಬ್ಯೂಚಾಂಪ್ ಟವರ್ ರೈಲು ಗಾಲಿಯ ಅಚ್ಚನ್ನು ಹೋಲುವ ಬೇರಿಂಗೊಂದನ್ನು ಪರೀಕ್ಷಿಸುತ್ತಿದ್ದ. ತಿರುಗುವ ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು. ಮೇಲಿನ ಲೋಹದ ಟೊಪ್ಪಿಗೆ ಹೊರೆ ಹೊತ್ತಿತ್ತು. ಟೊಪ್ಪಿಗೆಯಲ್ಲಿ ಎಣ್ಣೆ ಬಿಡಲೆಂದು ಒಂದು ತೂತು ಕೊರೆದಾಗ ವಿಚಿತ್ರವೊಂದು ನಡೆಯಿತು. ಅಚ್ಚು ತಿರುಗುತ್ತಿದ್ದಂತೆ ತೂತಿನಿಂದ ಎಣ್ಣೆ ಉಕ್ಕಿ ಬಂದಿತು. ಬಿರಡೆ ಹಾಕಿದರೆ ಬಿರಡೆಯನ್ನೂ, ಮರದ ಬೆಣೆ ಬಡಿದರೆ ಬೆಣೆಯನ್ನೂ ಎಣ್ಣೆ ಹೊರಕ್ಕೆ ತಳ್ಳಿತು. ಒತ್ತಡಮಾಪಕ ಜೋಡಿಸಿ ನೋಡಿದಾಗ ಅಲ್ಲಿನ ಒತ್ತಡ ಚದರ ಅಂಗುಲಕ್ಕೆ 200 ಪೌಂಡನ್ನು ಮೀರಿತ್ತು. ಇದು ಹೊರೆಯಿಂದ ಬರುವ ಸರಾಸರಿ ಒತ್ತಡದ ಎರಡರಷ್ಟು!

ಅಚ್ಚು ತಿರುಗುವಾಗ ತನ್ನ ಜೊತೆಗೆ ಎಣ್ಣೆಯನ್ನು ಎಳೆದುಕೊಂಡು ಹೋಗುತ್ತದೆ, ಆ ಎಣ್ಣೆ ಕಿರಿದಾಗುತ್ತ ಹೋಗುವ ಸಂದಿಗೆ ನುಗ್ಗಿ ಒತ್ತಡ ಹುಟ್ಟಿಸುತ್ತದೆ, ಆ ಒತ್ತಡವೇ ಹೊರೆಯನ್ನು ಎತ್ತಿ ಹಿಡಿಯುತ್ತದೆ ಎಂದು ಆಸ್‌ಬಾರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದ ಮೂಲಕ ತೋರಿಸಿದ. ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. ಅಚ್ಚು ಎಣ್ಣೆಯ ಮೇಲೆ ತೇಲುತ್ತಿರುತ್ತದೆ. ಇಂದಿನ ಕಾರಿನ ಕ್ರ್ಯಾಂಕ್ ಶಾಫ್ಟ್ ಕೂಡ ಹೀಗೆಯೇ ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್.

ಈ ತೇಲುವಿಕೆಗೆ ಬೇಕಾದ ಎಣ್ಣೆಯ ಗುಣವೇ ಸ್ನಿಗ್ಧತೆ. ದ್ರವದ ಒಂದು ಪದರ ಪಕ್ಕದ ಪದರದ ಮೇಲೆ ಜಾರುವಾಗ ತೋರುವ ಪ್ರತಿರೋಧವೇ ಅದು. ಸ್ನಿಗ್ಧತೆ ಕಡಿಮೆಯಾದರೆ ಪದರ ತೆಳುವಾಗಿ ಲೋಹಗಳು ಉಜ್ಜುತ್ತವೆ. ಹೆಚ್ಚಾದರೆ ಪದರ ದಪ್ಪವಾಗುತ್ತದೆ, ಆದರೆ ಎಣ್ಣೆಯನ್ನು ಕಲಕುವುದರಲ್ಲೇ ಶಕ್ತಿ ವ್ಯಯವಾಗಿ ಎಣ್ಣೆ ಬಿಸಿಯಾಗುತ್ತದೆ. ಆದ್ದರಿಂದ ಪ್ರತಿ ಯಂತ್ರಕ್ಕೂ ತಕ್ಕ ಸ್ನಿಗ್ಧತೆಯೊಂದಿದೆ. ‘ಹೆಚ್ಚು’ ಎಂಬುದು ‘ಒಳ್ಳೆಯದು’ ಎಂಬುದಕ್ಕೆ ಸಮಾನವಲ್ಲ.

ಬಿಸಿಯಾದರೆ ತೆಳು

ತನ್ನ ಲೆಕ್ಕವನ್ನು ಟವರ್‌ನ ಫಲಿತಾಂಶದೊಡನೆ ಹೋಲಿಸಲು ಹೊರಟ ರೆನಾಲ್ಡ್ಸ್‌ಗೆ ಒಂದು ತೊಡಕು ಎದುರಾಯಿತು. ತಾಪ ಏರಿದಂತೆ ಎಣ್ಣೆಯ ಸ್ನಿಗ್ಧತೆ ಬಹು ವೇಗವಾಗಿ ಇಳಿಯುತ್ತದೆ. ಆಲಿವ್ ಎಣ್ಣೆಯನ್ನು ಅಳೆದು ನೋಡಿದ ಅವನು ಈ ಇಳಿತ ಘಾತೀಯ ರೂಪದ್ದೆಂದು ಕಂಡುಕೊಂಡ. ನಮ್ಮ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯಗಳಲ್ಲಿ ಸ್ಟೋಕ್ಸ್ ವಿಧಾನಕ್ಕೆ ಬಳಸುವ ಹರಳೆಣ್ಣೆಯನ್ನೇ ತೆಗೆದುಕೊಳ್ಳಿ. ಕೋಷ್ಟಕಗಳ ಪ್ರಕಾರ ಅದರ ಸ್ನಿಗ್ಧತೆ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2.42 ಪ್ಯಾಸ್ಕಲ್-ಸೆಕೆಂಡ್. 20 ಡಿಗ್ರಿಯಲ್ಲಿ ಸುಮಾರು 0.99, 30ರಲ್ಲಿ 0.45, 40ರಲ್ಲಿ 0.23. ಪ್ರತಿ ಹತ್ತು ಡಿಗ್ರಿಗೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 100 ಡಿಗ್ರಿಯಲ್ಲಿ ಉಳಿಯುವುದು ಕೇವಲ 0.017.

ಉಪಾಧ್ಯಾಯರು ಇದನ್ನು ಸುಲಭವಾಗಿ ತೋರಿಸಬಹುದು. 2 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಅಗಲವಾದ ಜಾಡಿಯ ಹರಳೆಣ್ಣೆಯಲ್ಲಿ ಬಿಟ್ಟರೆ, ಸ್ಟೋಕ್ಸ್ ಸೂತ್ರದ ಪ್ರಕಾರ 30 ಡಿಗ್ರಿಯಲ್ಲಿ ಅದು ಸೆಕೆಂಡಿಗೆ 3.3 ಸೆಂಟಿಮೀಟರ್ ಇಳಿಯುತ್ತದೆ. 20 ಡಿಗ್ರಿಯಲ್ಲಿ 1.5 ಸೆಂಟಿಮೀಟರ್ ಮಾತ್ರ. ಬೆಂಗಳೂರಿನ ಜನವರಿ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸವನ್ನು ಒಂದು ಗುಂಡು ಹೇಳಿಬಿಡುತ್ತದೆ. ಹೀಗಾಗಿ ತಾಪವನ್ನು ಗುರುತಿಸದೆ ಬರೆದ ಸ್ನಿಗ್ಧತೆಯ ಬೆಲೆಗೆ ಅರ್ಥವೇ ಇಲ್ಲ.

ದ್ರವಗಳ ಈ ವರ್ತನೆಗೆ ಅಣುಗಳ ಮಟ್ಟದಲ್ಲಿ ಕಾರಣ ಹುಡುಕಿದವರಲ್ಲಿ ಸರ್ ಸಿ.ವಿ. ರಾಮನ್ ಒಬ್ಬರು. ಅವರು ಕಲ್ಕತ್ತದಲ್ಲಿದ್ದಾಗ, 1923ರಲ್ಲಿ, ‘ನೇಚರ್’ ಪತ್ರಿಕೆಯಲ್ಲಿ ದ್ರವಗಳ ಸ್ನಿಗ್ಧತೆಯ ಸಿದ್ಧಾಂತವನ್ನು ಕುರಿತು ಒಂದು ಕಿರು ಲೇಖನ ಬರೆದರು. ರಾಮನ್ ಪರಿಣಾಮದ ಶೋಧಕ್ಕೆ ಇನ್ನೂ ಐದು ವರ್ಷ ಬಾಕಿಯಿತ್ತು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದ ಅವರು ಕೊನೆಯವರೆಗೂ ಇಲ್ಲಿಯೇ ಉಳಿದರು. ರಾಮನ್ ಎಂದೊಡನೆ ಬೆಳಕಿನ ಚದರಿಕೆಯನ್ನಷ್ಟೇ ನೆನೆಯುವ ವಿದ್ಯಾರ್ಥಿಗಳಿಗೆ ಎಣ್ಣೆಯ ಸ್ನಿಗ್ಧತೆಯನ್ನು ಕುರಿತೂ ಅವರು ಚಿಂತಿಸಿದ್ದರು ಎಂಬುದನ್ನು ತಿಳಿಸಬೇಕು.

ಸೆಕೆಂಡುಗಳು ಅಂಕಿಗಳಾದದ್ದು

ಕಾರ್ಖಾನೆಯವರಿಗೆ ಬೇಕಿದ್ದುದು ಸಿದ್ಧಾಂತವಲ್ಲ, ಸುಲಭದ ಅಳತೆ. ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು. ಬಟ್ಟಲಿನ ತಳದಲ್ಲಿ ಸಣ್ಣ ತೂತು ಮಾಡಿ, ನಿಗದಿತ ತಾಪದಲ್ಲಿ ನಿಗದಿತ ಪ್ರಮಾಣದ ಎಣ್ಣೆ ಸುರಿದು ಹೋಗಲು ಎಷ್ಟು ಸೆಕೆಂಡು ಬೇಕೆಂದು ಎಣಿಸುವುದು. ಬ್ರಿಟನ್ನಿನ ರೆಡ್‌ವುಡ್ ಸ್ನಿಗ್ಧತಾಮಾಪಕದಲ್ಲಿ 50 ಮಿಲಿಲೀಟರ್, ಅಮೆರಿಕದ ಸೇಬೋಲ್ಟ್‌ನಲ್ಲಿ 60 ಮಿಲಿಲೀಟರ್, ಜರ್ಮನಿಯ ಎಂಗ್ಲರ್‌ನಲ್ಲಿ 200 ಮಿಲಿಲೀಟರ್ ಎಣ್ಣೆ ಇಳಿಯುವ ಕಾಲವನ್ನು ಅಳೆಯುತ್ತಾರೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ಪ್ರಯೋಗಾಲಯಗಳಲ್ಲಿ ರೆಡ್‌ವುಡ್ ಮತ್ತು ಸೇಬೋಲ್ಟ್ ಉಪಕರಣಗಳನ್ನು ವಿದ್ಯಾರ್ಥಿಗಳು ಬಳಸುತ್ತ ಬಂದಿದ್ದಾರೆ.

1911ರಲ್ಲಿ ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ, ಅಂದರೆ ಎಸ್‌ಎಇ, ಎಣ್ಣೆಗಳನ್ನು ವರ್ಗಗಳಾಗಿ ವಿಂಗಡಿಸುವ ಕೆಲಸ ಆರಂಭಿಸಿತು. ಅಲ್ಲಿಂದ ಬೆಳೆದು ಬಂದದ್ದೇ ಇಂದಿನ 20, 30, 40, 50 ಎಂಬ ಅಂಕಿಗಳು. ಇವು ಸ್ನಿಗ್ಧತೆಯ ನೇರ ಬೆಲೆಗಳಲ್ಲ, ಕೇವಲ ವರ್ಗದ ಹೆಸರುಗಳು. ಈಗಿನ ನಿಯಮದಂತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 6.9ರಿಂದ 9.3 ಸೆಂಟಿಸ್ಟೋಕ್ ಸ್ನಿಗ್ಧತೆಯ ಎಣ್ಣೆ 20ರ ವರ್ಗಕ್ಕೆ ಸೇರುತ್ತದೆ. 9.3ರಿಂದ 12.5ರವರೆಗಿನದು 30, 12.5ರಿಂದ 16.3ರವರೆಗಿನದು 40, 16.3ರಿಂದ 21.9ರವರೆಗಿನದು 50.

ಪೀಣ್ಯದ ಯಂತ್ರಾಗಾರಗಳಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ಗೊಂದಲ ಸಹಜ. ಅಲ್ಲಿನ ಹೈಡ್ರಾಲಿಕ್ ಎಣ್ಣೆಯ ಡ್ರಮ್ಮಿನ ಮೇಲೆ ‘ವಿಜಿ 46’ ಅಥವಾ ‘ವಿಜಿ 68’ ಎಂದಿರುತ್ತದೆ. ಇದು ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಅಳತೆ. ಇಲ್ಲಿ ಅಂಕಿ ನಿಜವಾದ ಸ್ನಿಗ್ಧತೆಯೇ: 40 ಡಿಗ್ರಿಯಲ್ಲಿ ಸುಮಾರು 68 ಸೆಂಟಿಸ್ಟೋಕ್. ಹಾಗಾದರೆ 68 ಎಂಬುದು ಕಾರಿನ 40ಕ್ಕಿಂತ ದಪ್ಪವೇ? ಅಲ್ಲ. ಕಾರಿನ 40ರ ವರ್ಗದ ಎಣ್ಣೆ ಅದೇ 40 ಡಿಗ್ರಿಯಲ್ಲಿ ನೂರು ಸೆಂಟಿಸ್ಟೋಕ್ ದಾಟಿರುವುದೇ ಸಾಮಾನ್ಯ. ಗೇರ್ ಎಣ್ಣೆಯ 90 ಎಂಬ ಅಂಕಿಯೂ ಹೀಗೆಯೇ ಬೇರೆ ಕೋಷ್ಟಕದ್ದು. ಅದರ ಸ್ನಿಗ್ಧತೆ ಎಂಜಿನ್ ಎಣ್ಣೆಯ 40 ಮತ್ತು 50ರ ಆಸುಪಾಸಿನಲ್ಲಿದೆ. ಅಂಕಿ ನೋಡಿದರೆ ಸಾಲದು, ಅದು ಯಾವ ಅಳತೆಗೋಲಿನದೆಂದೂ ನೋಡಬೇಕು.

ಬೆಂಗಳೂರು ಈ ಅಂಕಿಗಳನ್ನು ದೊಡ್ಡ ಪ್ರಮಾಣದಲ್ಲಿ ಕಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಕಾರದೊಡನೆ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. 1943ರಲ್ಲಿ ಅದನ್ನು ಅಮೆರಿಕದ ವಾಯುಸೇನೆಗೆ ವಹಿಸಲಾಯಿತು. ವಿಮಾನಗಳನ್ನೂ ಎಂಜಿನ್ನುಗಳನ್ನೂ ಬಿಚ್ಚಿ ದುರಸ್ತಿ ಮಾಡುವ ದೊಡ್ಡ ಡಿಪೋ ಆಗಿ ಅದು ಕೆಲಸ ಮಾಡಿತು. ಆ ಕಾಲದ ಪಿಸ್ಟನ್ ವಿಮಾನಗಳಿಗೆ ಸಾಮಾನ್ಯವಾಗಿ ಬಳಸುತ್ತಿದ್ದ ಎಣ್ಣೆಗಳಲ್ಲಿ ಒಂದರ ಹೆಸರು ‘100’. ಅದು ಸೇಬೋಲ್ಟ್ ಬಟ್ಟಲಿನಿಂದ 210 ಡಿಗ್ರಿ ಫ್ಯಾರನ್‌ಹೀಟ್ ತಾಪದಲ್ಲಿ ಇಳಿಯಲು ತೆಗೆದುಕೊಳ್ಳುವ ಸೆಕೆಂಡುಗಳ ಸಂಖ್ಯೆ! ಕಾರಿನ ಅಳತೆಯಲ್ಲಿ ಅದು 50ರ ವರ್ಗ. ಗಾಳಿಯಿಂದ ತಣಿಯುವ, ಸಂದುಗಳು ದೊಡ್ಡದಿರುವ, ಬಿಸಿಯಾಗಿ ಓಡುವ ಆ ಎಂಜಿನ್ನುಗಳಿಗೆ ದಪ್ಪ ಎಣ್ಣೆಯೇ ಸರಿಯಾಗಿತ್ತು.

‘ಡಬ್ಲ್ಯು’ ಎಂದರೆ ಚಳಿಗಾಲ

20ಡಬ್ಲ್ಯು-40 ಎಂಬುದರಲ್ಲಿ ‘ಡಬ್ಲ್ಯು’ ಯಾವುದರ ಸಂಕೇತ? ತೂಕದ್ದಲ್ಲ. ಅದು ‘ವಿಂಟರ್’, ಅಂದರೆ ಚಳಿಗಾಲ. ಹಿಮ ಬೀಳುವ ದೇಶಗಳಲ್ಲಿ ಬೇಸಿಗೆಯ ಎಣ್ಣೆ ಚಳಿಗಾಲದಲ್ಲಿ ಎಷ್ಟು ಗಟ್ಟಿಯಾಗುತ್ತಿತ್ತೆಂದರೆ ಎಂಜಿನ್ ತಿರುಗುತ್ತಲೇ ಇರಲಿಲ್ಲ. ಹೀಗಾಗಿ ಋತುವಿಗೊಂದು ಎಣ್ಣೆ ಹಾಕುತ್ತಿದ್ದರು. ಎಲ್ಲ ಎಣ್ಣೆಗಳೂ ಒಂದೇ ಪ್ರಮಾಣದಲ್ಲಿ ತೆಳುವಾಗುವುದಿಲ್ಲ ಎಂಬುದನ್ನು ಗಮನಿಸಿ 1929ರಲ್ಲಿ ಡೀನ್ ಮತ್ತು ಡೇವಿಸ್ ಎಂಬವರು ‘ಸ್ನಿಗ್ಧತಾ ಸೂಚ್ಯಂಕ’ವನ್ನು ರೂಪಿಸಿದರು. ತಾಪದಿಂದ ಕಡಿಮೆ ಬದಲಾಗುವ ಪೆನ್ಸಿಲ್ವೇನಿಯದ ಎಣ್ಣೆಗೆ 100, ಹೆಚ್ಚು ಬದಲಾಗುವ ಮೆಕ್ಸಿಕೊ ಕೊಲ್ಲಿ ತೀರದ ಎಣ್ಣೆಗೆ 0.

ಮುಂದೆ ರಸಾಯನ ವಿಜ್ಞಾನ ನೆರವಿಗೆ ಬಂದಿತು. ಉದ್ದ ಸರಪಳಿಯ ಪಾಲಿಮರ್ ಅಣುಗಳನ್ನು ತೆಳು ಎಣ್ಣೆಗೆ ಬೆರೆಸಿದರೆ ಅವು ತಣ್ಣಗಿರುವಾಗ ಉಂಡೆಯಾಗಿ ಮುದುಡಿರುತ್ತವೆ, ಬಿಸಿಯಾದಾಗ ಬಿಚ್ಚಿಕೊಂಡು ಹರಿವಿಗೆ ಅಡ್ಡ ಬರುತ್ತವೆ. ಇದರಿಂದ ಎಣ್ಣೆ ಬಿಸಿಯಲ್ಲಿ ಅತಿಯಾಗಿ ತೆಳುವಾಗುವುದಿಲ್ಲ. ಹೀಗೆ 1950ರ ದಶಕದಲ್ಲಿ ಎರಡು ಅಂಕಿಗಳ ‘ಮಲ್ಟಿಗ್ರೇಡ್’ ಎಣ್ಣೆ ಬಳಕೆಗೆ ಬಂದಿತು. ಮೊದಲ ಅಂಕಿ ಚಳಿಯಲ್ಲಿನ ವರ್ತನೆಗೆ, ಎರಡನೆಯದು ಬಿಸಿಯಲ್ಲಿನ ವರ್ತನೆಗೆ.

ಆ ಚಳಿ ಎಂಥದು ಗೊತ್ತೇ? ಎಂಜಿನ್ ತಿರುಗಿಸುವ ಪರೀಕ್ಷೆಯನ್ನು 20ಡಬ್ಲ್ಯು ಎಣ್ಣೆಗೆ ಮೈನಸ್ 15 ಡಿಗ್ರಿಯಲ್ಲಿ ಮಾಡುತ್ತಾರೆ. 5ಡಬ್ಲ್ಯುಗೆ ಮೈನಸ್ 30, 0ಡಬ್ಲ್ಯುಗೆ ಮೈನಸ್ 35. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪ 7.8 ಡಿಗ್ರಿ. ಅದೂ 1884ರ ಜನವರಿ 13ರಂದು! ಹಾಗಾದರೆ ಮೊದಲ ಅಂಕಿಯಿಂದ ನಮಗೇನೂ ಉಪಯೋಗವಿಲ್ಲವೇ?

ಇದೆ. ಎಂಜಿನ್ ನಿಂತಾಗ ಎಣ್ಣೆ ಕೆಳಗಿನ ತೊಟ್ಟಿಗೆ, ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಚೇಂಬರಿಗೆ’, ಇಳಿದುಬಿಡುತ್ತದೆ. ಮತ್ತೆ ಚಾಲೂ ಮಾಡಿದಾಗ ಅದು ಮೇಲೇರಿ ಎಲ್ಲ ಬೇರಿಂಗುಗಳನ್ನು ತಲುಪುವವರೆಗೆ ಟವರ್ ಕಂಡ ಒತ್ತಡದ ಪದರ ಪೂರ್ತಿಯಾಗಿ ಇರುವುದಿಲ್ಲ. ಸವೆತಕ್ಕೆ ಇದು ಹೇಳಿ ಮಾಡಿಸಿದ ಸಮಯ. 40 ಡಿಗ್ರಿಯಲ್ಲಿ 155 ಮತ್ತು 100 ಡಿಗ್ರಿಯಲ್ಲಿ 18 ಸೆಂಟಿಸ್ಟೋಕ್ ಇರುವ ಒಂದು 20ಡಬ್ಲ್ಯು-50 ಎಣ್ಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಜೊತೆಗೆ ಕ್ರಮವಾಗಿ 62 ಮತ್ತು 10.5 ಸೆಂಟಿಸ್ಟೋಕ್ ಇರುವ ಒಂದು 5ಡಬ್ಲ್ಯು-30. ಜನವರಿಯ ಮುಂಜಾನೆಯ 15 ಡಿಗ್ರಿಗೆ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 690 ಸೆಂಟಿಸ್ಟೋಕ್, ಎರಡನೆಯದು ಸುಮಾರು 210. ಮೂರು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ! ‘5ಡಬ್ಲ್ಯು ಎಣ್ಣೆ ನೀರಿನಂತೆ ತೆಳು’ ಎಂದು ಹೆದರುವವರು ಗಮನಿಸಬೇಕು: ಆ ಹೊತ್ತಿನಲ್ಲಿ ಅದೂ ತಾನು ಬಿಸಿಯಾಗಿರುವಾಗಿನ 20 ಪಟ್ಟು ದಪ್ಪವಾಗಿರುತ್ತದೆ.

ಫಿಲ್ಟರ್ ಬಂದ ಬಗೆ

ಗಾಡಿಯ ಅಚ್ಚಿಗೆ ಬಳಿದ ಎಣ್ಣೆಗೆ ಧೂಳು ಸೇರಿದರೆ ಒರೆಸಿ ಹೊಸದು ಬಳಿಯಬಹುದಿತ್ತು. ಕಾರಿನಲ್ಲಿ ಅದೇ ಎಣ್ಣೆ ಸುತ್ತಿ ಸುತ್ತಿ ಬರುತ್ತದೆ. ಜೊತೆಗೆ ಮಸಿ, ಲೋಹದ ಪುಡಿ, ಗಾಳಿಯೊಡನೆ ನುಗ್ಗಿದ ಧೂಳು ಎಲ್ಲವೂ ಸುತ್ತುತ್ತವೆ. ಎಣ್ಣೆಯ ಪದರ ಕೆಲವು ಮೈಕ್ರಾನ್ ಎಂದೆವಷ್ಟೆ. ಅದಕ್ಕಿಂತ ತುಸು ದೊಡ್ಡದಾದ ಕಣ ಎರಡು ಲೋಹಗಳ ನಡುವೆ ಸಿಕ್ಕಿಕೊಂಡು ಗೀಚುತ್ತದೆ. ಕಣ್ಣಿಗೆ ಕಾಣುವ ಮರಳಿಗಿಂತ ಕಾಣದ ಈ ಕಣಗಳು ಹೆಚ್ಚು ಹಾನಿ ಮಾಡಬಲ್ಲವು.

ಮೊದಲ ಕಾರುಗಳಲ್ಲಿ ತಂತಿಯ ಜರಡಿಯಷ್ಟೇ ಇತ್ತು. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲೆಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ ಕಾರಿನ ಎಣ್ಣೆಗೆ ಫಿಲ್ಟರ್ ರೂಪಿಸಿ ‘ಪ್ಯೂರೊಲೇಟರ್’ ಎಂದು ಹೆಸರಿಟ್ಟರು. ಆರಂಭದ ಫಿಲ್ಟರುಗಳಲ್ಲಿ ಎಣ್ಣೆಯ ಒಂದು ಪಾಲು ಮಾತ್ರ ಸೋಸಿ ಬರುತ್ತಿತ್ತು. ಪೂರ್ತಿ ಎಣ್ಣೆ ಫಿಲ್ಟರಿನ ಮೂಲಕವೇ ಹಾದು ಬೇರಿಂಗಿಗೆ ಹೋಗುವ ವ್ಯವಸ್ಥೆ ಅನಂತರದ್ದು. ಇಂದು ನಾವು ಕೈಯಿಂದ ತಿರುಗಿಸಿ ಕೂರಿಸುವ ಡಬ್ಬಿಯಾಕಾರದ ಫಿಲ್ಟರ್ 1950ರ ದಶಕದ್ದು. ಗಾಳಿಯಿಂದ ತಣಿಯುವ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಬಹುಕಾಲ ಜರಡಿಯೇ ಇತ್ತು. ಬದಲಿಗೆ ಎಣ್ಣೆಯನ್ನು ಬೇಗ ಬೇಗ ಬದಲಾಯಿಸಬೇಕಿತ್ತು.

ಮೈಕ್ರಾನ್ ಲೆಕ್ಕದ ಈ ಶಿಸ್ತು ಬೆಂಗಳೂರಿಗೆ ಹೊಸದಲ್ಲ. 1951ರಲ್ಲಿ ಸ್ಥಾಪನೆಯಾದ ‘ಮೈಕೋ’ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸತೊಡಗಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಡೀಸೆಲ್ ಪಂಪಿನ ಒಳಗಿನ ದಂಡಕ್ಕೂ ಅದರ ಗೂಡಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಅಲ್ಲಿ ಎಣ್ಣೆಯ ಬದಲು ಡೀಸೆಲ್ಲೇ ಕೀಲೆಣ್ಣೆ. ಅದನ್ನು ಸೋಸದೆ ಬಿಟ್ಟರೆ ಪಂಪು ಬೇಗ ಕೆಡುತ್ತದೆ. ಎಂಜಿನ್ನಿನ ಸಂದುಗಳೂ ಕ್ರಮೇಣ ಇದೇ ದಿಕ್ಕಿನಲ್ಲಿ ಕಿರಿದಾಗುತ್ತ, ಅವುಗಳ ಅಳತೆ ಬಿಗಿಯಾಗುತ್ತ ಬಂದವು. ಎಣ್ಣೆ ತೆಳುವಾಗಲು, ಫಿಲ್ಟರ್ ಅನಿವಾರ್ಯವಾಗಲು ಇದೇ ಮುಖ್ಯ ಕಾರಣ.

ದಪ್ಪ ಎಣ್ಣೆಗೂ ಫಿಲ್ಟರಿಗೂ ಏನು ಸಂಬಂಧ? ಇದಕ್ಕೆ ಉತ್ತರ ಕೊಡುವವನು ಫ್ರಾನ್ಸಿನ ವೈದ್ಯ ಪ್ವಾಸೇಯ್. ರಕ್ತ ಲೋಮನಾಳಗಳಲ್ಲಿ ಹೇಗೆ ಹರಿಯುತ್ತದೆ ಎಂದು ತಿಳಿಯಲು ಹೊರಟ ಅವನು 1840ರ ದಶಕದಲ್ಲಿ ಕಿರುನಾಳಗಳ ನಿಯಮವನ್ನು ಕಂಡುಹಿಡಿದ. ಹರಿವಿನ ಪ್ರಮಾಣ ನಾಳದ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಲೋಮವಾಗಿರುತ್ತದೆ, ಸ್ನಿಗ್ಧತೆಗೆ ವಿಲೋಮವಾಗಿರುತ್ತದೆ. ಫಿಲ್ಟರ್ ಕಾಗದ ಎಂದರೆ ಸಾವಿರಾರು ಕಿರುನಾಳಗಳ ಸಮೂಹ. ರಂಧ್ರ ಅರ್ಧದಷ್ಟಾದರೆ ಹರಿವು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಅತಿ ಸಣ್ಣ ರಂಧ್ರದ ಫಿಲ್ಟರನ್ನು ಹಾಗೆಯೇ ಬಳಸುವಂತಿಲ್ಲ. ಕಾಗದವನ್ನು ಮಡಿಕೆ ಮಡಿಕೆಯಾಗಿ ಜೋಡಿಸಿ ವಿಸ್ತೀರ್ಣ ಹೆಚ್ಚಿಸುವುದು ಇದಕ್ಕಾಗಿಯೇ.

ಎಣ್ಣೆ ಬಹಳ ದಪ್ಪಗಿದ್ದು ಕಾಗದದ ಎರಡು ಬದಿಗಳ ಒತ್ತಡದ ವ್ಯತ್ಯಾಸ ಹೆಚ್ಚಿದರೆ ಕಾಗದ ಹರಿಯಬಹುದು ಅಥವಾ ಎಂಜಿನ್ನಿಗೆ ಎಣ್ಣೆಯೇ ಸಾಲದಾಗಬಹುದು. ಅದನ್ನು ತಪ್ಪಿಸಲು ಒಂದು ಅಡ್ಡದಾರಿಯ ಕವಾಟ ಇರುತ್ತದೆ. ಒತ್ತಡದ ವ್ಯತ್ಯಾಸ ಸಾಮಾನ್ಯವಾಗಿ 1 ಬಾರ್ ಆಸುಪಾಸಿಗೆ ಬಂದಾಗ ಅದು ತೆರೆದುಕೊಳ್ಳುತ್ತದೆ. ಆಗ ಎಣ್ಣೆ ಸೋಸದೆಯೇ ಬೇರಿಂಗಿಗೆ ಹೋಗುತ್ತದೆ! ಬೆಳಗಿನ ಚಳಿ, ಅಗತ್ಯಕ್ಕಿಂತ ದಪ್ಪದ ಎಣ್ಣೆ, ಅವಧಿ ಮೀರಿ ಕಟ್ಟಿಕೊಂಡ ಫಿಲ್ಟರ್ ಮೂರೂ ಸೇರಿದರೆ ಕವಾಟ ತೆರೆದೇ ಇರುವ ಸಂಭವ ಹೆಚ್ಚು. ಎಂಜಿನ್ನನ್ನು ಕಾಪಾಡಲೆಂದು ಹಾಕಿದ ದಪ್ಪ ಎಣ್ಣೆ ಫಿಲ್ಟರನ್ನೇ ನಿಷ್ಪ್ರಯೋಜಕ ಮಾಡುತ್ತದೆ.

ಹೊರವಲಯದ ರಸ್ತೆಗಳ ಲೆಕ್ಕ

ಪೀಣ್ಯ ಕೈಗಾರಿಕಾ ಪ್ರದೇಶವಾಗಿ ಬೆಳೆದದ್ದೂ, ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ್ದೂ 1970ರ ದಶಕದಲ್ಲಿ. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನ ತಂತ್ರಜ್ಞಾನ ಪಾರ್ಕ್ ಬಂದಿತು. ಊರಿನ ಮೂರು ಅಂಚುಗಳಿಗೆ ಪ್ರತಿದಿನ ಲಕ್ಷಾಂತರ ಜನ ಹೋಗಿ ಬರತೊಡಗಿದರು. ರಸ್ತೆಗಳಲ್ಲಿ ಕಾರುಗಳು ತೆವಳತೊಡಗಿದವು.

2023ರಲ್ಲಿ ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ ಬೆಂಗಳೂರಿನ ಕೇಂದ್ರಭಾಗದಲ್ಲಿ 10 ಕಿಲೋಮೀಟರ್ ಕ್ರಮಿಸಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕಾಗಿತ್ತು. ಅಂದರೆ ಗಂಟೆಗೆ ಸುಮಾರು 21 ಕಿಲೋಮೀಟರ್. ಈ ವೇಗದಲ್ಲಿ 10,000 ಕಿಲೋಮೀಟರ್ ಓಡಿದ ಕಾರಿನ ಎಂಜಿನ್ ಸುಮಾರು 470 ಗಂಟೆ ತಿರುಗಿರುತ್ತದೆ. ಅದೇ ದೂರವನ್ನು ಹೆದ್ದಾರಿಯಲ್ಲಿ ಗಂಟೆಗೆ 70 ಕಿಲೋಮೀಟರಿನಂತೆ ಓಡಿದ ಕಾರು ದುಡಿದದ್ದು 143 ಗಂಟೆ ಮಾತ್ರ. ಕಿಲೋಮೀಟರ್ ಒಂದೇ, ಎಣ್ಣೆಯ ದುಡಿಮೆ ಮೂರು ಪಟ್ಟಿಗೂ ಹೆಚ್ಚು. ಕಾರಿನ ಮುಂದಿರುವ ಮಾಪಕ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. ನಿಂತು ನಿಂತು ಓಡುವ ಪ್ರಯಾಣವನ್ನು ಅನೇಕ ಕಾರುಗಳ ಕೈಪಿಡಿಗಳು ‘ಕಠಿಣ ಬಳಕೆ’ ಎಂದು ಕರೆದು, ಎಣ್ಣೆ ಬದಲಾವಣೆಗೆ ಕಡಿಮೆ ಅಂತರ ಸೂಚಿಸುತ್ತವೆ. ಆ ಪುಟವನ್ನು ಓದುವವರು ವಿರಳ.

ಇನ್ನು ‘ಬಿಸಿಲಿನ ದೇಶ’ದ ವಾದ. ಎಂಜಿನ್ನಿನ ತಂಪುನೀರಿನ ತಾಪವನ್ನು ಥರ್ಮೋಸ್ಟಾಟ್ ಹೆಚ್ಚುಕಡಿಮೆ ಸ್ಥಿರವಾಗಿ ಇಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಎಣ್ಣೆಯ ತಾಪ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೊರಗೆ 20 ಡಿಗ್ರಿ ಇರಲಿ, 35 ಇರಲಿ, ಒಳಗಿನ ವ್ಯತ್ಯಾಸ ಅದಕ್ಕಿಂತ ಬಹಳ ಕಡಿಮೆ. ಬಿಸಿಲಿಗಿಂತ ಎಂಜಿನ್ನಿನ ವಿನ್ಯಾಸವೇ ಎಣ್ಣೆಯ ವರ್ಗವನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಅಂಬಾಸಿಡರಿನಂಥ ಹಳೆಯ ಕಾರಿಗೆ 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಹೊಂದುತ್ತಿತ್ತು. 2013ರಲ್ಲಿ ಎಸ್‌ಎಇ ಪಟ್ಟಿಗೆ 16, 2015ರಲ್ಲಿ 12 ಮತ್ತು 8 ಎಂಬ ಇನ್ನೂ ತೆಳು ವರ್ಗಗಳು ಸೇರಿದವು. ಇದರ ಹಿಂದಿನ ಒತ್ತಾಯ ಇಂಧನ ಉಳಿತಾಯ. 1973ರ ತೈಲ ಬಿಕ್ಕಟ್ಟಿನ ಅನಂತರ ಅಮೆರಿಕ, ಮುಂದೆ ಭಾರತವೂ ಕಾರು ತಯಾರಕರಿಗೆ ಇಂಧನ ಮಿತವ್ಯಯದ ಮಿತಿಗಳನ್ನು ವಿಧಿಸಿದವು.

ಆಯ್ಕೆ ಹೇಗೆ?

ಇಷ್ಟನ್ನು ತಿಳಿದ ಮೇಲೆ ಆಯ್ಕೆ ಸುಲಭ. ಕಾರಿನ ಕೈಪಿಡಿ ಹೇಳುವ ವರ್ಗವನ್ನೇ ಮೊದಲು ನೋಡಿ. ಅದು ಆ ಎಂಜಿನ್ನಿನ ಸಂದು, ಹೊರೆ, ವೇಗಗಳಿಗೆ ಲೆಕ್ಕ ಹಾಕಿ ಕೊಟ್ಟದ್ದು. ಕೈಪಿಡಿ ಎರಡು ಮೂರು ವರ್ಗಗಳಿಗೆ ಅವಕಾಶ ಕೊಟ್ಟಿದ್ದರೆ, ಸವೆದು ಎಣ್ಣೆ ಸುಡುವ ಹಳೆಯ ಎಂಜಿನ್ನಿಗೆ ಅವುಗಳಲ್ಲಿ ದಪ್ಪದ್ದನ್ನು ಆರಿಸಬಹುದು. ಹಾಗೆಯೇ ಹಳೆಯ ವಿನ್ಯಾಸದ ಎಂಜಿನ್ನಿಗೆ 0ಡಬ್ಲ್ಯು-16 ಸುರಿಯುವುದೂ ತಪ್ಪು. ಪದರ ಹರಿದು ಲೋಹಗಳು ಉಜ್ಜುತ್ತವೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ, ಬೂದಿ ಕಡಿಮೆ ಉಳಿಸುವ ಎಣ್ಣೆಯೇ ಬೇಕು. ಸ್ನಿಗ್ಧತೆಯ ಅಂಕಿ ಹೊಂದಿದರೆ ಸಾಲದು.

ಎಣ್ಣೆಯ ಫಿಲ್ಟರಿನ ವಿಷಯದಲ್ಲಿ ‘ಮರೆ ಕೂತಿತು, ಸಾಕು’ ಎನ್ನುವಂತಿಲ್ಲ. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಎರಡು ಡಬ್ಬಿಗಳಲ್ಲಿ ಅಡ್ಡದಾರಿಯ ಕವಾಟ ತೆರೆಯುವ ಒತ್ತಡ ಬೇರೆ ಇರಬಹುದು. ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಕವಾಟ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ತಯಾರಕರು ಸೂಚಿಸಿದ ಸಂಖ್ಯೆಯದನ್ನೇ ಕೊಳ್ಳಿ, ಎಣ್ಣೆಯ ಜೊತೆಗೇ ಬದಲಾಯಿಸಿ.

ಕೊನೆಗೆ, ತೆಗೆದ ಎಣ್ಣೆಯ ಪ್ರಶ್ನೆ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕೊಳವೊಂದರಲ್ಲಿ ಒಂದು ಟೀ ಚಮಚದಷ್ಟು ಎಣ್ಣೆ ಸುರಿದಾಗ ಅದು ಸುಮಾರು ಅರ್ಧ ಎಕರೆ ನೀರನ್ನು ಆವರಿಸಿದ್ದನ್ನು 1774ರಲ್ಲಿ ವರದಿ ಮಾಡಿದ್ದ. ಒಂದು ಕಾರಿನಿಂದ ತೆಗೆಯುವ ಎಣ್ಣೆ ಮೂರು ನಾಲ್ಕು ಲೀಟರು. ಹಳೆಯ ಫಿಲ್ಟರಿನಲ್ಲೂ ಸ್ವಲ್ಪ ಉಳಿದಿರುತ್ತದೆ. ಪೀಣ್ಯದ ಕಡೆಯ ಚರಂಡಿಗಳು ಸೇರುವ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹರಿಯುತ್ತದೆ. ಅದರ ನೀರು ಮುಂದೆ ಅರ್ಕಾವತಿ, ಕಾವೇರಿಗಳನ್ನು ಸೇರುತ್ತದೆ. ಬಳಸಿದ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಅದರ ಮರುಬಳಕೆಯ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಹೊರಿಸಲಾಗಿದೆ. ಅದನ್ನು ಮತ್ತೆ ಶುದ್ಧೀಕರಿಸಿ ಎಣ್ಣೆಯಾಗಿಯೇ ಬಳಸಬಹುದು. ಗ್ಯಾರೇಜಿನವರು ಅದನ್ನು ಎಲ್ಲಿಗೆ ಕೊಡುತ್ತಾರೆ ಎಂದು ಕೇಳುವುದು ಕಾರಿನ ಮಾಲೀಕರ ಹಕ್ಕು, ಕರ್ತವ್ಯ ಕೂಡ.

ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಬೊಮ್ಮಸಂದ್ರದಲ್ಲಿ ತಯಾರಾದ ‘ರೇವಾ’ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಾಗ ಅದಕ್ಕೆ ಎಂಜಿನ್ ಎಣ್ಣೆಯೂ ಬೇಕಿರಲಿಲ್ಲ, ಎಣ್ಣೆಯ ಫಿಲ್ಟರೂ ಬೇಕಿರಲಿಲ್ಲ. ವಿದ್ಯುತ್ ಕಾರುಗಳು ಹೆಚ್ಚಿದಂತೆ ಡಬ್ಬಿಗಳ ಸಾಲು ಕಿರಿದಾಗಬಹುದು. ಆದರೆ ಅವುಗಳಲ್ಲೂ ಗಾಲಿ ತಿರುಗುತ್ತದೆ, ಗೇರು ಹಲ್ಲಿಗೆ ಹಲ್ಲು ಕಚ್ಚುತ್ತದೆ. ಅಲ್ಲಿಯೂ ಗ್ರೀಸು, ಗೇರ್ ಎಣ್ಣೆ ಬೇಕು. ಅಚ್ಚು ಇರುವಷ್ಟು ಕಾಲ ಕೀಲೆಣ್ಣೆ ಬೇಕು. ಅದು ಎಷ್ಟು ದಪ್ಪವಿರಬೇಕೆಂಬುದನ್ನು ಮಾತ್ರ ಅಚ್ಚನ್ನು ನೋಡಿಯೇ ನಿರ್ಧರಿಸಬೇಕು.